ಫೈಲುಗಳ ಗಂಟು: ಕಟ್ಟೋದು ಬೇರೆ, ಒತ್ತೋದು ಬೇರೆ

ಕಳೆದ ತಿಂಗಳು ಚಿತ್ರದುರ್ಗದಿಂದ ಒಬ್ಬರು ನಿವೃತ್ತ ಮೇಷ್ಟ್ರು ನಮ್ಮ ಡಿಟಿಪಿ ಅಂಗಡಿಗೆ ಬಂದಿದ್ದರು. ದಾವಣಗೆರೆಯ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಈ ಕೆಲಸ ಮಾಡಿಕೊಂಡು ನನಗೆ ಇಪ್ಪತ್ತೈದು ವರ್ಷ ದಾಟಿತು. ಮೇಷ್ಟ್ರ ಕೈಯಲ್ಲಿ ಒಂದು ಪೆನ್‌ಡ್ರೈವ್, ಅದರೊಳಗೆ ಒಂದೇ ಒಂದು ಜಿಪ್ ಫೈಲ್. ದುರ್ಗದ ಇತಿಹಾಸದ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. 32 ಲೇಖನ. ಪರಿಚಯದವರ ಕಂಪ್ಯೂಟರಿನಲ್ಲಿ ಕೂತು, ಒಂದೊಂದಕ್ಕೂ ಕನ್ನಡದಲ್ಲೇ ಹೆಸರು ಕೊಟ್ಟು, ಎಲ್ಲ ಸೇರಿಸಿ ಜಿಪ್ ಮಾಡಿಸಿಕೊಂಡು ಬಂದಿದ್ದರು.

ಬಿಚ್ಚಿದೆ. 32 ಫೈಲೂ ಬಂದವು. ಹೆಸರು ಮಾತ್ರ ಬರಲಿಲ್ಲ. ಪ್ರತಿ ಹೆಸರೂ ಗ್ರೀಕಿನ ಆಲ್ಫಾ ಅಕ್ಷರದಿಂದ ಶುರು. ಅದರ ಪಕ್ಕ ಚುಕ್ಕಿ ತುಂಬಿದ ಒಂದು ಚೌಕ. ಆಮೇಲೆ ಏನೋ ಒಂದು ಗುರುತು. ಮತ್ತೆ ಆಲ್ಫಾ, ಮತ್ತೆ ಚೌಕ. ಪರದೆ ತುಂಬಾ ಇದೇ.

"ಏನಪ್ಪಾ ಇದು, ವೈರಸ್ ಬಂತಾ?" ಅಂದರು ಮೇಷ್ಟ್ರು. ಮುಖ ಸಣ್ಣದಾಗಿತ್ತು.

ವೈರಸ್ ಅಲ್ಲ. ಯಾಕೆ ಹೀಗಾಯಿತು ಅಂತ ಹೇಳಬೇಕಾದರೆ ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕು. ಅವತ್ತು ಟೀ ತರಿಸಿ ಮೇಷ್ಟ್ರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಜಿಪ್ ಮಾಡೋದು ಅಂದರೆ ಒಂದೇ ಕೆಲಸ ಅಂತ ನಾವು ಅಂದುಕೊಂಡಿರುತ್ತೇವೆ. ಅದರೊಳಗೆ ಎರಡು ಕೆಲಸ ಇವೆ. ಹತ್ತಾರು ಫೈಲು ಸೇರಿಸಿ ಒಂದು ಗಂಟು ಕಟ್ಟುವುದು ಒಂದು. ಇದ್ದದ್ದನ್ನು ಒತ್ತಿ ಚಿಕ್ಕದು ಮಾಡುವುದು ಇನ್ನೊಂದು. ಈ ವ್ಯತ್ಯಾಸ ಒಮ್ಮೆ ತಲೆಗೆ ಹತ್ತಿದರೆ ಸಾಕು. ಟಾರ್, ಜಿಪ್, ರಾರ್, ಸೆವೆನ್ ಜಿಪ್ ಅನ್ನುವ ಹೆಸರುಗಳ ಸಿಕ್ಕು ತಾನಾಗೇ ಬಿಡಿಸಿಕೊಳ್ಳುತ್ತದೆ.

ನಮ್ಮೂರಿನವರಿಗೆ ಇದು ಹೊಸದಲ್ಲ. ಮಂಡಕ್ಕಿ ಭಟ್ಟಿಯಿಂದ ಹೊರಡುವ ಗಾಡಿ ನೋಡಿದ್ದೀರಲ್ವಾ? ಆಳೆತ್ತರದ ಚೀಲಗಳು, ಎತ್ತಿದರೆ ಹಗುರ. ಅದು ಬರೀ ಕಟ್ಟಿದ್ದು. ಒಳಗೆ ಬಹುಪಾಲು ಗಾಳಿ. ಹತ್ತಿ ಹಾಗಲ್ಲ. ಹತ್ತಿ ಮಿಲ್ಲುಗಳಿಂದಲೇ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು. ಬೀಜ ತೆಗೆದ ಹತ್ತಿಯನ್ನು ಪ್ರೆಸ್ಸಿಗೆ ಹಾಕಿ ಒತ್ತಿ, ಪಟ್ಟಿ ಬಿಗಿದು, 170 ಕೆಜಿಯ ಬೇಲ್ ಮಾಡುತ್ತಾರೆ. ಪಟ್ಟಿ ಕತ್ತರಿಸಿದರೆ ಹತ್ತಿ ಮತ್ತೆ ಅರಳಿಕೊಳ್ಳುತ್ತದೆ. ಜಿಪ್ ಒತ್ತುವುದು ಹೀಗೆ, ಒಂದು ಎಳೆಯೂ ಕಮ್ಮಿಯಾಗದಂತೆ. ಮಂಡಕ್ಕಿಯನ್ನು ಅದೇ ಪ್ರೆಸ್ಸಿಗೆ ಹಾಕಿದರೆ? ಜಾಗ ಉಳಿಯುತ್ತದೆ, ಮಂಡಕ್ಕಿ ಮಾತ್ರ ವಾಪಸ್ ಬರೋದಿಲ್ಲ. ಜೆಪೆಗ್ ಫೋಟೋ, ಎಂಪಿ3 ಹಾಡು ಆ ಜಾತಿಯವು. ಕಣ್ಣಿಗೆ, ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗವನ್ನು ಬಿಟ್ಟುಕೊಟ್ಟೇ ಅವು ಚಿಕ್ಕದಾಗಿರುತ್ತವೆ.

ಟಾರ್ ಮಾಡುವುದು ಬರೀ ಕಟ್ಟುವ ಕೆಲಸ. ಅದು 1979ರಲ್ಲಿ, ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವಾದ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಬಂತು. ಟೇಪ್ ಆರ್ಕೈವ್ ಅನ್ನುವುದನ್ನೇ ಮೊಟಕು ಮಾಡಿದ ಹೆಸರು. ಆಗ ಫೈಲುಗಳನ್ನು ಜೋಪಾನವಾಗಿ ಎತ್ತಿಡುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನಲ್ಲಿ. ಕ್ಯಾಸೆಟ್ ಕೇಳಿ ಬೆಳೆದವರಿಗೆ ಗೊತ್ತು, ಐದನೇ ಹಾಡು ಬೇಕಾದರೆ ನಾಲ್ಕನ್ನು ದಾಟಿಯೇ ಹೋಗಬೇಕು. ಟಾರ್ ಕೂಡ ಹಾಗೇ. ಹೆಸರು, ಅಳತೆ ಬರೆದ ಒಂದು ಚೀಟಿ, ಅದರ ಹಿಂದೆ ಫೈಲು. ಮತ್ತೊಂದು ಚೀಟಿ, ಮತ್ತೊಂದು ಫೈಲು. ಪರಿವಿಡಿ ಅಂತ ಏನೂ ಇಲ್ಲ. ಎಲ್ಲವೂ 512 ಬೈಟಿನ ತುಂಡುಗಳು. (ಬೈಟ್ ಅಂದರೆ 0ಯಿಂದ 255ರ ವರೆಗಿನ ಒಂದು ಅಂಕಿ ಹಿಡಿಯುವಷ್ಟು ಜಾಗ.) ಒಂದೇ ಒಂದು ಅಕ್ಷರ ಇರುವ ಫೈಲನ್ನು ಯುನಿಕ್ಸ್ ಜಾತಿಯದೇ ಆದ ಇವತ್ತಿನ ಲಿನಕ್ಸ್‌ನಲ್ಲಿ ಟಾರ್ ಮಾಡಿ ನೋಡಿ, 10,240 ಬೈಟ್ ಆಗುತ್ತದೆ. ಟೇಪಿಗೆ ದೊಡ್ಡ ದೊಡ್ಡ ಹಿಡಿಯಾಗಿ ಬರೆದರೇ ಅನುಕೂಲ ಇತ್ತು. ಟೇಪು ಹೋದರೂ ಆ ಅಭ್ಯಾಸ ಉಳಿದಿದೆ.

ಆ ಚೀಟಿಯಲ್ಲಿ ಹೆಸರು ಬರೆಯೋಕೆ ಮೊದಲು ಇದ್ದ ಜಾಗ 100 ಬೈಟ್. ಇಂಗ್ಲಿಷಿನಲ್ಲಿ ಅದು 100 ಅಕ್ಷರ. ಕನ್ನಡದಲ್ಲಿ? ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. 'ದಾವಣಗೆರೆ' ಬಾಯಲ್ಲಿ ಐದು ಅಕ್ಷರ. ಕಂಪ್ಯೂಟರಿಗೆ ಅದು ದ, ಇಳಿ, ವ, ಣ, ಗ, ಎತ್ವ, ರ, ಎತ್ವ. ಅಂದರೆ 8 ಚಿಹ್ನೆ, 24 ಬೈಟ್. 33 ಚಿಹ್ನೆಗೆ ಚೀಟಿ ಭರ್ತಿ. ಆಮೇಲೆ ಬಂದ ಟಾರ್ ಪದ್ಧತಿಗಳು ಈ ಜಾಗ ಹೆಚ್ಚಿಸಿದವು.

ಇನ್ನು ಒತ್ತೋದು. ನನಗೆ ಬಹಳ ಇಷ್ಟದ ಭಾಗ ಇದು. ಇವತ್ತಿನ ಜಿಪ್ ಒತ್ತುವುದರ ಹಿಂದೆ ಎರಡು ಉಪಾಯ ಇವೆ. ಮೊದಲನೆಯದು 1952ರಲ್ಲಿ ಡೇವಿಡ್ ಹಫ್‌ಮನ್ ಕೊಟ್ಟದ್ದು. ಅಚ್ಚುಮೊಳೆ ಜೋಡಿಸಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಪದೇ ಪದೇ ಬೇಕಾಗುವ ಮೊಳೆ ಕೈಗೆ ಹತ್ತಿರದ ಖಾನೆಯಲ್ಲಿ, ಅಪರೂಪದ್ದು ದೂರದ ಖಾನೆಯಲ್ಲಿ. ಹಾಗೇ ಜಾಸ್ತಿ ಬರುವ ಬೈಟಿಗೆ ಚಿಕ್ಕ ಸಂಕೇತ, ಎಂದೋ ಬರುವುದಕ್ಕೆ ಉದ್ದ ಸಂಕೇತ. ಎರಡನೆಯದು 1977ರಲ್ಲಿ ಜಿವ್ ಮತ್ತು ಲೆಂಪೆಲ್ ಎಂಬ ಇಬ್ಬರು ಬರೆದದ್ದು. ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬೇಡ, ಎಲ್ಲಿದೆ ಅಂತ ಹೇಳು ಸಾಕು. ಲೇಖನದಲ್ಲಿ 'ದಾವಣಗೆರೆ' ಎರಡನೇ ಸಲ ಬಂದಾಗ ಆ 24 ಬೈಟ್ ಬರೆಯುವುದಿಲ್ಲ. "900 ಬೈಟ್ ಹಿಂದೆ ಹೋಗು, ಅಲ್ಲಿಂದ 24 ಬೈಟ್ ತಗೋ" ಅಂತ ಒಂದು ಪುಟ್ಟ ಸೂಚನೆ ಅಷ್ಟೇ.

ಅದೇ ಪದವನ್ನು ಇನ್ನೂ ಹತ್ತಿರದಿಂದ ನೋಡಿ. ದ ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ 224, 178, 166. ಇಳಿ ಅಂದರೆ 224, 178, 190. ವ ಅಂದರೆ 224, 178, 181. ಎತ್ವ ಅಂದರೆ 224, 179, 134. ಗಮನಿಸಿದಿರಾ? ಎಂಟು ಚಿಹ್ನೆಗೂ ಮೊದಲ ಬೈಟು 224. ಎರಡನೆಯದು 178, ಇಲ್ಲವೇ 179. ಕನ್ನಡದ ಯಾವ ಚಿಹ್ನೆ ತೆಗೆದುಕೊಂಡರೂ ಇದೇ ಕಥೆ. ಹೊಸ ವಿಷಯ ಹೇಳುವುದು ಹೆಚ್ಚು ಕಮ್ಮಿ ಮೂರನೇ ಬೈಟು ಒಂದೇ. ಒತ್ತುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಮೇವು ಬೇಕಾ? ಯುನಿಕೋಡಿನಲ್ಲಿ ಕನ್ನಡ ಮೂರು ಪಟ್ಟು ಜಾಗ ತಿನ್ನುತ್ತದೆ ಅಂತ ಜನ ಗೊಣಗುವುದನ್ನು ಕೇಳಿದ್ದೇನೆ. ಜಿಪ್ ಆದ ಮೇಲೆ ಆ ದೂರು ಬಹುಮಟ್ಟಿಗೆ ಕರಗಿಹೋಗುತ್ತದೆ. ಈ 224, 178 ಎರಡು ಅಂಕಿ ನೆನಪಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

ಈಗ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಬರೋಣ. ಕಟ್ಟೋದು, ಒತ್ತೋದು ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಸೇರಿಸಿ ಮನೆಮಾತಾಗಿದ್ದು 1985ರ ಆರ್ಕ್. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಫೈಲು ಕಳಿಸುತ್ತಿದ್ದ ಕಾಲ ಅದು. ಫೈಲು ಚಿಕ್ಕದಾದಷ್ಟೂ ಕಾಲ, ದುಡ್ಡು ಎರಡೂ ಉಳಿತಾಯ. ಅಮೆರಿಕದ ಫಿಲ್ ಕಾಟ್ಜ್ ಎಂಬ ಯುವಕ ಅದೇ ಆರ್ಕ್ ಫೈಲುಗಳಿಗೆ ಇನ್ನೂ ವೇಗದ ಪ್ರೋಗ್ರಾಮ್ ಬರೆದರು. ಆರ್ಕ್ ಕಂಪನಿ 1988ರಲ್ಲಿ ಕೋರ್ಟಿಗೆ ಹೋಯಿತು. ಕೊನೆಗೆ ರಾಜಿಯಾಗಿ ಕಾಟ್ಜ್ ಆ ಪದ್ಧತಿಯನ್ನೇ ಬಿಡಬೇಕಾಯಿತು. 1989ರಲ್ಲಿ ಅವರು ತಮ್ಮದೇ ಹೊಸ ಪದ್ಧತಿ ತಂದರು. ಅದೇ ಜಿಪ್. ಅದರ ಒಳರಚನೆಯನ್ನು ಬಿಡಿಬಿಡಿಯಾಗಿ ಬರೆದು ಎಲ್ಲರ ಮುಂದಿಟ್ಟರು. ಯಾರು ಬೇಕಾದರೂ ಜಿಪ್ ಕಟ್ಟುವ, ಬಿಚ್ಚುವ ಪ್ರೋಗ್ರಾಮ್ ಬರೆಯಬಹುದು ಅಂತಾಯಿತು. ಈ ಇಡೀ ಕಥೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಹೆಜ್ಜೆ ಕಾಣುವುದಿಲ್ಲ. ಅವತ್ತಿನ ಎಷ್ಟೋ ಪದ್ಧತಿಗಳ ಹೆಸರೇ ಇವತ್ತು ಯಾರಿಗೂ ಗೊತ್ತಿಲ್ಲ, ಜಿಪ್ ಉಳಿದಿದೆ. ಕಾಟ್ಜ್ 2000ದ ಏಪ್ರಿಲ್‌ನಲ್ಲಿ, ಬರೀ 37ನೇ ವಯಸ್ಸಿಗೆ ತೀರಿಕೊಂಡರು. ಇವತ್ತಿಗೂ ಜಿಪ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲು ಕಾಣುವುದು ಇಂಗ್ಲಿಷಿನ ಪಿ, ಕೆ. ಅವರ ಹೆಸರಿನ ಮೊದಲಕ್ಷರಗಳು.

ಟಾರ್‌ಗೆ ಇಲ್ಲದ ಪರಿವಿಡಿ ಜಿಪ್‌ಗೆ ಇದೆ. ಆದರೆ ಪುಸ್ತಕದ ಹಾಗೆ ಮುಂದೆ ಅಲ್ಲ, ಕಟ್ಟಕಡೆಗೆ. ಗಂಟಿಗೆ ಇನ್ನೊಂದು ಫೈಲು ಸೇರಿಸಬೇಕಾದರೆ ಹಳೆಯದನ್ನೆಲ್ಲ ಅಲುಗಿಸಬೇಕಿಲ್ಲ, ಕೊನೆಯಲ್ಲಿ ಸೇರಿಸಿ ಪರಿವಿಡಿ ಹೊಸದಾಗಿ ಬರೆದರೆ ಆಯಿತು. ಈ ಜಾಣತನದ ಬೆಲೆ ನಾನು ಫ್ಲಾಪಿ ಕಾಲದಲ್ಲಿ ತೆತ್ತಿದ್ದೇನೆ. ಒಂದು ಸಂಘದ ಸದಸ್ಯರ ಪಟ್ಟಿ, ರಸೀದಿ ಲೆಕ್ಕ ಎಲ್ಲ ಸೇರಿಸಿ ಆರು ಫ್ಲಾಪಿಗಳಿಗೆ ಹಂಚಿ ಜಿಪ್ ಮಾಡಿದ್ದೆ. ಒಂದೊಂದು 1.44 ಎಂಬಿ. ವರ್ಷದ ಮೇಲೆ ಬಿಚ್ಚಲು ಕೂತಾಗ ಪ್ರೋಗ್ರಾಮು ಮೊದಲಿಗೇ ಕೊನೆಯ ಡಿಸ್ಕ್ ಹಾಕಿ ಅಂತ ಕೇಳಿತು. ಆರನೆಯದಕ್ಕೆ ಬೂಸ್ಟು ಹಿಡಿದಿತ್ತು. ಉಳಿದ ಐದೂ ಸರಿ ಇದ್ದರೂ ಒಂದು ಸಾಲೂ ತೆರೆಯಲಿಲ್ಲ. ಪುಸ್ತಕ ನೋಡಿಕೊಂಡು ಮೂರು ರಾತ್ರಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಜಿಪ್‌ನಲ್ಲಿ ಪ್ರತಿ ಫೈಲಿನ ಮುಂದೆಯೂ ಅದರದೇ ಒಂದು ಚೀಟಿ ಇರುತ್ತದೆ, ಪರಿವಿಡಿ ಹೋದರೂ ಆ ಚೀಟಿಗಳನ್ನು ಹಿಡಿದು ಬಹಳಷ್ಟು ಉಳಿಸಬಹುದಿತ್ತು ಅಂತ ಆಮೇಲೆ ತಿಳಿಯಿತು. ಇವತ್ತು ನಿಮ್ಮ ಜಿಪ್ ಕೆಟ್ಟಿದೆ ಅಂತ ಬಂದರೆ ಕೂಡಲೇ ಬಿಸಾಡಬೇಡಿ. ರಿಪೇರಿ ಸಾಧನಗಳು ಇದೇ ಚೀಟಿಗಳನ್ನು ಹುಡುಕಿಕೊಂಡು ಹೋಗುತ್ತವೆ.

ಕಟ್ಟೋದು, ಒತ್ತೋದು ಎರಡರಲ್ಲಿ ಯಾವುದು ಮೊದಲು? ಜಿಪ್ ಒಂದೊಂದು ಫೈಲನ್ನೂ ಬೇರೆ ಬೇರೆ ಒತ್ತಿ, ಆಮೇಲೆ ಕಟ್ಟುತ್ತದೆ. ಯುನಿಕ್ಸ್‌ನವರದು ಉಲ್ಟಾ ದಾರಿ. ಟಾರ್ ಮೊದಲು ಕಟ್ಟುತ್ತದೆ, ಆ ಇಡೀ ಗಂಟನ್ನು ಜೀಜಿಪ್ ಒತ್ತುತ್ತದೆ. ಜೀಜಿಪ್ ಬಂದದ್ದು 1992ರಲ್ಲಿ. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಒತ್ತುವ ವಿಧಾನದ ಮೇಲೆ ಪೇಟೆಂಟ್ ತಕರಾರು ಇತ್ತು, ಅದರಿಂದ ತಪ್ಪಿಸಿಕೊಳ್ಳಲೆಂದೇ ಅದನ್ನು ಬರೆದರು.

ಮೇಷ್ಟ್ರ 32 ಲೇಖನ ತೆಗೆದುಕೊಳ್ಳಿ. ಎಲ್ಲದರಲ್ಲೂ ಚಿತ್ರದುರ್ಗ, ಮದಕರಿ ನಾಯಕ, ಕೋಟೆ, ಬುರುಜು ಅನ್ನುವ ಪದಗಳೇ. ಜಿಪ್‌ಗೆ ಪ್ರತಿ ಲೇಖನವೂ ಹೊಸ ಪಾಟಿ. ಮೊದಲನೆಯದರಲ್ಲಿ ಕಲಿತ 'ಚಿತ್ರದುರ್ಗ'ವನ್ನು ಎರಡನೆಯದರಲ್ಲಿ ಮತ್ತೆ ಮೊದಲಿಂದ ಕಲಿಯುತ್ತದೆ. ಒಟ್ಟಿಗೆ ಕಟ್ಟಿ ಒತ್ತಿದರೆ ಆ ನೆನಪು ಮುಂದಿನ ಲೇಖನಕ್ಕೂ ಸಾಗುತ್ತದೆ, ಗಂಟು ಇನ್ನೂ ಚಿಕ್ಕದಾಗುತ್ತದೆ. ಆದರೆ 20ನೇ ಲೇಖನ ಒಂದೇ ಬೇಕು ಅಂದರೆ ಮೊದಲ 19ನ್ನೂ ಬಿಚ್ಚಿಕೊಂಡೇ ಹೋಗಬೇಕು. ಮಧ್ಯೆ ಎಲ್ಲಾದರೂ ನಾಲ್ಕು ಬೈಟ್ ಕೆಟ್ಟರೆ ಅಲ್ಲಿಂದ ಮುಂದಿನದಕ್ಕೂ ಅಪಾಯ. ಜಿಪ್‌ನಲ್ಲಿ ಕೆಟ್ಟ ಫೈಲು ಕೆಡುತ್ತದೆ, ಪಕ್ಕದ್ದು ಉಳಿಯುತ್ತದೆ. ಅದಕ್ಕೇ ವರ್ಷಗಟ್ಟಲೆ ಇಡುವ ದಾಖಲೆಗಳಿಗೆ ನಾನು ಈಗಲೂ ಜಿಪ್ ಅನ್ನೇ ನಂಬುತ್ತೇನೆ, ಸ್ವಲ್ಪ ಜಾಗ ಹೆಚ್ಚಾದರೂ ಚಿಂತೆ ಇಲ್ಲ.

ನೆನಪಿಗೂ ಒಂದು ಮಿತಿ ಇದೆ. ಜಿಪ್, ಜೀಜಿಪ್ ಎರಡೂ ಬಳಸುವ ವಿಧಾನಕ್ಕೆ ಹಿಂದಿನ 32 ಕೆಬಿ ಮಾತ್ರ ನೆನಪಿರುತ್ತದೆ. ಕನ್ನಡದಲ್ಲಿ ಅದು ಹತ್ತಿರ ಹತ್ತಿರ 11 ಸಾವಿರ ಚಿಹ್ನೆ, ಕೆಲವೇ ಪುಟ. 1990ರ ದಶಕದ ಕಂಪ್ಯೂಟರುಗಳ ಮೆಮೊರಿಗೆ ಅಷ್ಟೇ ದೊಡ್ಡದು. 1999ರಲ್ಲಿ ರಷ್ಯಾದ ಇಗೋರ್ ಪಾವ್ಲೊವ್ ಸೆವೆನ್ ಜಿಪ್ ತಂದರು. ಅದರ ಎಲ್‌ಜೆಡ್‌ಎಂಎ ವಿಧಾನಕ್ಕೆ ಹತ್ತಾರು ಎಂಬಿ ಹಿಂದಿನದೂ ನೆನಪಿರುತ್ತದೆ. ಉಚಿತ, ಒಳಗಿನ ಕೋಡ್ ಕೂಡ ತೆರೆದದ್ದು. ಅದಕ್ಕೂ ಮೊದಲು, 1993ರಲ್ಲಿ, ರಷ್ಯಾದವರೇ ಆದ ಯೂಜೀನ್ ರೋಶಾಲ್ ರಾರ್ ಮಾಡಿದ್ದರು. ಗಂಟು ಸ್ವಲ್ಪ ಕೆಟ್ಟರೆ ತಾನೇ ಸರಿಮಾಡಿಕೊಳ್ಳಲು ಒಂದಿಷ್ಟು ಹೆಚ್ಚುವರಿ ಮಾಹಿತಿ ಜೊತೆಗಿಡುವ ಸೌಲಭ್ಯ ಅದರಲ್ಲಿದೆ. ಒಳ್ಳೆಯದೇ. ಆದರೆ ರಾರ್ ಬಿಚ್ಚುವ ಕೋಡ್ ಮಾತ್ರ ಎಲ್ಲರಿಗೂ ಸಿಗುತ್ತದೆ, ಕಟ್ಟುವ ಹಕ್ಕು ಅದರ ಒಡೆಯರ ಹತ್ತಿರವೇ ಇದೆ. ಬೇರೆಯವರಿಗೆ ಕಳಿಸುವ ಗಂಟಿಗೆ ನಾನು ಅದನ್ನು ಬಳಸುವುದಿಲ್ಲ.

ಲಿನಕ್ಸ್ ಕಡೆಯಲ್ಲಿ ಇದೇ ಎಲ್‌ಜೆಡ್‌ಎಂಎ 2009ರಲ್ಲಿ ಎಕ್ಸ್‌ಜೆಡ್ ಅನ್ನುವ ರೂಪದಲ್ಲಿ ಬಂತು. 2024ರ ಮಾರ್ಚ್‌ನಲ್ಲಿ ಅದರೊಳಗೆ ಬೇರೆಯವರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗಲು ಯಾರೋ ಕಳ್ಳಬಾಗಿಲು ಇಟ್ಟಿದ್ದು ಗೊತ್ತಾಯಿತು. ಒಬ್ಬರೇ ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದ ಕೆಲಸ. ಸಹಾಯ ಮಾಡುತ್ತೇನೆ ಅಂತ ಬಂದು ನಂಬಿಕೆ ಗಳಿಸಿದವರೇ ಅದನ್ನು ಸೇರಿಸಿದ್ದರು. ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಯಾಕೆ ಹಿಡಿಯುತ್ತಿದೆ ಅಂತ ಅವರು ಬೆನ್ನು ಹತ್ತಿದ್ದರು. ಆ ಅರ್ಧ ಸೆಕೆಂಡನ್ನು ಸುಮ್ನೆ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮದುವೆ ಫೋಟೋದವರು ಕೇಳುವ ಪ್ರಶ್ನೆ ಒಂದಿದೆ: ಇಷ್ಟೊಂದು ಫೋಟೋ ಜಿಪ್ ಮಾಡಿದೆ, ಯಾಕೆ ಚಿಕ್ಕದಾಗಲಿಲ್ಲ? ಅವು ಆಗಲೇ ಒತ್ತಿದ ಫೈಲುಗಳು. ಬೇಲನ್ನು ಮತ್ತೆ ಪ್ರೆಸ್ಸಿಗೆ ಹಾಕಿದರೆ ಇನ್ನೆಷ್ಟು ಕುಗ್ಗೀತು? ಅಲ್ಲಿ ಜಿಪ್‌ನಿಂದ ಆಗುವ ಉಪಕಾರ ಕಟ್ಟುವುದು ಮಾತ್ರ. ಹಾಗೆ ಕಟ್ಟುವುದಕ್ಕೂ ಹಿಂದೆ 4 ಜಿಬಿಯ ಗೋಡೆ ಇತ್ತು, ಅದಕ್ಕಿಂತ ದೊಡ್ಡದನ್ನು ಜಿಪ್ ಕಟ್ಟುತ್ತಿರಲಿಲ್ಲ. 2001ರಲ್ಲಿ ಬಂದ ಜಿಪ್64 ಆ ಗೋಡೆ ತೆಗೆಯಿತು. ಆದರೂ ದೊಡ್ಡ ಗಂಟು ಪೆನ್‌ಡ್ರೈವಿಗೆ ಹತ್ತುತ್ತಿಲ್ಲ ಅಂದರೆ, ಪೆನ್‌ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿ ಇರಬಹುದು. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಒಳಗಿರುವುದನ್ನು ಮೊದಲು ಬೇರೆ ಕಡೆ ತೆಗೆದಿಡಿ.

ಈಚಿನ ಬದಲಾವಣೆ ಇನ್ನೂ ಸೊಗಸಾಗಿದೆ. ಗಂಟು ಕಣ್ಣಿಗೆ ಕಾಣದಂತಾಗಿದೆ. ಮೈಕ್ರೋಸಾಫ್ಟಿನ 2007ರ ಆಫೀಸ್ ಜೊತೆ ಬಂದ, ವರ್ಡಿನ ಡಾಕ್ಸ್ ಫೈಲು ನಿಜಕ್ಕೂ ಒಂದು ಜಿಪ್. ಇ-ಪುಸ್ತಕದ ಇಪಬ್ ಕೂಡ ಜಿಪ್. ಆಂಡ್ರಾಯ್ಡ್ ಆ್ಯಪಿನ ಎಪಿಕೆ ಕೂಡ. ನಮ್ಮ ಅಂಗಡಿಯಲ್ಲಿ ದಿನಾ ಉಪಯೋಗಕ್ಕೆ ಬರುವ ಒಂದು ಕೆಲಸ ಹೇಳುತ್ತೇನೆ. ಯಾರೋ ವರ್ಡ್ ಫೈಲಿನೊಳಗೆ ಫೋಟೋ ಅಂಟಿಸಿ ಕಳಿಸಿರುತ್ತಾರೆ, ಅಚ್ಚಿಗೆ ಮೂಲ ಫೋಟೋ ಬೇಕು. ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ ತೆಗೆದು ಜಿಪ್ ಅಂತ ಬರೆದು ಬಿಚ್ಚಿ. ವರ್ಡ್ ಅನ್ನುವ ಫೋಲ್ಡರಿನೊಳಗೆ ಮೀಡಿಯಾ ಅಂತ ಇನ್ನೊಂದು ಫೋಲ್ಡರ್. ಫೋಟೋಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ಬಿಚ್ಚುವ ಪ್ರೋಗ್ರಾಮನ್ನೂ ಈಗ ಹುಡುಕಬೇಕಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಒಳಗೇ ಜಿಪ್ ಇತ್ತು. 2023ರಿಂದ ವಿಂಡೋಸ್ 11 ತಾನಾಗಿಯೇ ರಾರ್, ಸೆವೆನ್ ಜಿಪ್, ಟಾರ್ ಎಲ್ಲವನ್ನೂ ಬಿಚ್ಚುತ್ತದೆ.

ಈಗ ಮೇಷ್ಟ್ರ ಆಲ್ಫಾಗೆ ಬರೋಣ. 1989ರಲ್ಲಿ ಜಿಪ್ ಹುಟ್ಟಿದಾಗ ಫೈಲಿನ ಹೆಸರನ್ನು ಐಬಿಎಂ ಪಿಸಿಯ 437 ಅನ್ನುವ ಅಕ್ಷರಪಟ್ಟಿಯ ಪ್ರಕಾರ ಬರೆಯುತ್ತಿದ್ದರು. ಅದರಲ್ಲಿ 256 ಮನೆ ಅಷ್ಟೇ. ಕನ್ನಡಕ್ಕೆ ಅಲ್ಲಿ ಜಾಗ ಇಲ್ಲ. ಆ ಪಟ್ಟಿಯ 224ನೇ ಮನೆಯಲ್ಲಿ ಇರುವುದು ಗ್ರೀಕಿನ ಆಲ್ಫಾ. 178ನೇ ಮನೆಯಲ್ಲಿ ಚುಕ್ಕಿ ತುಂಬಿದ ಚೌಕ. ನೆನಪಾಯಿತಲ್ವಾ? ಪರದೆಯ ಮೇಲೆ ಕಂಡದ್ದು ಕೆಟ್ಟ ಫೈಲಲ್ಲ. ಅದು ಕನ್ನಡವೇ. 224, 178 ಅನ್ನುವ ನಮ್ಮ ಅಕ್ಷರದ ಬೈಟುಗಳೇ ಬೇರೆಯವರ ಪಟ್ಟಿ ಹಿಡಿದು ಓದಿಸಿಕೊಂಡಿದ್ದವು. ಒಂದು ಬೈಟೂ ಕಳೆದುಹೋಗಿರಲಿಲ್ಲ.

ಇದಕ್ಕೆ ಪರಿಹಾರ 2006ರಲ್ಲೇ ಬಂದಿದೆ. ಹೆಸರು ಯುಟಿಎಫ್-8ನಲ್ಲಿದೆ ಅಂತ ಹೇಳಲು ಜಿಪ್ ಚೀಟಿಯಲ್ಲಿ ಒಂದೇ ಒಂದು ಬಿಟ್, ಅಂದರೆ 0 ಇಲ್ಲವೇ 1 ಹಿಡಿಯುವಷ್ಟು ಜಾಗ, ಮೀಸಲಿಟ್ಟರು. ಅದು 1 ಆಗಿದ್ದರೆ ಕನ್ನಡ ಕನ್ನಡವಾಗಿ ಕಾಣುತ್ತದೆ. ಮೇಷ್ಟ್ರ ಫೈಲು ಕಟ್ಟಿದ ಪ್ರೋಗ್ರಾಮು ಆ ಗುರುತು ಹಾಕಿರಲಿಲ್ಲ, ಅಷ್ಟೇ. ನುಡಿ ಫಾಂಟಿನ ಹಳೇ ಫೈಲುಗಳನ್ನು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ಇಂಗ್ಲಿಷಿನ ಚೆಲ್ಲಾಪಿಲ್ಲಿ ಅಕ್ಷರ ಕಂಡವರಿಗೆ ಈ ನೋವು ಗೊತ್ತು. ಎರಡೂ ಕಡೆ ರೋಗ ಒಂದೇ. ಬೈಟು ಇದೆ, ಯಾವ ಲಿಪಿ ಅಂತ ಹೇಳುವ ಚೀಟಿ ಇಲ್ಲ.

ಸೆವೆನ್ ಜಿಪ್‌ಗೆ ಬಿಚ್ಚುವಾಗ ಹೆಸರುಗಳನ್ನು ಯಾವ ಪಟ್ಟಿಯಿಂದ ಓದಬೇಕು ಅಂತ ಆಜ್ಞೆಯಲ್ಲೇ ಹೇಳಬಹುದು. ಯುಟಿಎಫ್-8ರ ಸಂಖ್ಯೆ 65001. ಅದನ್ನು ಕೊಟ್ಟು ಎಂಟರ್ ಒತ್ತಿದೆ. ಏಳು ಸುತ್ತಿನ ಕೋಟೆ. ಒನಕೆ ಓಬವ್ವ. ಚಂದ್ರವಳ್ಳಿ. ಜೋಗಿಮಟ್ಟಿ. ಒಂದರ ಕೆಳಗೆ ಒಂದು ಬಂದವು. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಹಾಜರಿ ಕೂಗುವ ಹಾಗೆ 32ನ್ನೂ ಓದಿದರು.

"ಪ್ರೆಸ್ಸಿನವರ ಕಂಪ್ಯೂಟರಲ್ಲೂ ಹಿಂಗೇ ಕಾಣಿಸ್ತತಾ?" ಅಂದರು. ಸರಿಯಾದ ಗುರುತು ಹಾಕಿ ಹೊಸ ಜಿಪ್ ಕಟ್ಟಿದೆ. ಅಂಗಡಿಯ ಮೂಲೆಯಲ್ಲಿದ್ದ ಇನ್ನೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಅವರ ಕೈಯಲ್ಲೇ ಬಿಚ್ಚಿಸಿದೆ.